ಔಷಧಿ ಹೊಡೆಯೋ ಮೊದಲು ಹುಳದ ಗುರುತು ಹಿಡಿಯಿರಿ

ಮೂರು ವರ್ಷದ ಹಿಂದೆ ನಮ್ಮ ಅಲಸಂದೆಗೆ ಹೇನು ಬಿದ್ದಿತ್ತು. ಕುಡಿ, ಕಾಯಿ ಎಲ್ಲಾ ಕಪ್ಪಗೆ ಮೆತ್ತಿಕೊಂಡಿತ್ತು. ಅದರ ಮಧ್ಯೆ ಪುಟ್ಟ ಮೊಸಳೆ ಮರಿ ಹಾಗೆ ಕಾಣೋ, ಕಪ್ಪು ಮೈಮೇಲೆ ಕಿತ್ತಳೆ ಚುಕ್ಕೆ ಇರೋ ಹುಳಗಳೂ ಓಡಾಡ್ತಿದ್ವು. ಇದ್ಯಾವುದೋ ಹೊಸ ಕಾಟ ಅಂತ ಹೆದರಿ ಅವತ್ತೇ ಸಂಜೆ ಔಷಧಿ ಹೊಡೆದೆ. ಮೊಸಳೆ ಹುಳ ಎಲ್ಲಾ ಸತ್ತವು. ಹೇನು ಮಾತ್ರ ಎರಡು ವಾರದಲ್ಲಿ ಮೊದಲಿಗಿಂತ ಜಾಸ್ತಿಯಾಗಿ ವಾಪಸ್ ಬಂತು.

ಆಮೇಲೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಫೋಟೊ ತೋರಿಸಿದಾಗ ಗೊತ್ತಾಯ್ತು, ಅವು ಗುಲಗಂಜಿ ಹುಳದ ಮರಿಗಳು. ಹೇನು ತಿನ್ನೋದೇ ಅವುಗಳ ಕೆಲಸ. ಪುಕ್ಕಟೆ ಕೆಲಸಕ್ಕೆ ಬಂದಿದ್ದ ಆಳುಗಳನ್ನ ನಾನೇ ಕೊಂದಿದ್ದೆ. ಅವತ್ತಿನಿಂದ ಹುಳ ಹಿಡಿದು ಗುರುತಿಸೋದು ನನ್ನ ಹವ್ಯಾಸ ಆಗಿದೆ.

ನೋಡೋಕೆ ಒಂದೇ, ಗುಣ ಬೇರೆ

ಗುಲಗಂಜಿ ಹುಳ ಎಲ್ಲವೂ ಸ್ನೇಹಿತರಲ್ಲ. ಬದನೆ, ಆಲೂಗಡ್ಡೆ, ಹಾಗಲದ ಎಲೆ ತಿನ್ನೋ ಎಪಿಲಾಕ್ನ ಕೂಡ ಅದೇ ಕುಟುಂಬದ್ದು. ಗುರುತು ಹೀಗೆ:

- ಹೇನು ತಿನ್ನೋ ಹುಳದ ಬೆನ್ನು ಸಾಮಾನ್ಯವಾಗಿ ನುಣುಪು, ಹೊಳೆಯುತ್ತೆ. ಎಪಿಲಾಕ್ನದ ಬೆನ್ನು ಮಂಕು, ಸಣ್ಣ ಕೂದಲು ಇರುತ್ತೆ. ಒಂದು ಜಾತಿಗೆ 28 ಚುಕ್ಕೆ.
- ಹೇನು ತಿನ್ನೋ ಮರಿ ಉದ್ದಕ್ಕೆ, ಕಪ್ಪಗೆ ಇದ್ದು ಚುರುಕಾಗಿ ಓಡುತ್ತೆ. ಎಪಿಲಾಕ್ನದ ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು.
- ಎಲೆಯ ಹಸಿರು ಕೆರೆದು ಜಾಲರಿ ಹಾಗೆ ಮಾಡಿದ್ದರೆ ಅದು ಎಪಿಲಾಕ್ನದ ಕೆಲಸ.

ಶುರು ಮಾಡೋದು ಹೇಗೆ?

ಮೊದಲು ಮೊಬೈಲ್. ಬೆನ್ನು, ಪಕ್ಕ, ತಲೆ, ಕೂತಿರೋ ಎಲೆ, ಹೀಗೆ ನಾಲ್ಕು ಫೋಟೊ ತೆಗೀರಿ. ಬೆಳಗಿನ ತಂಪಿನಲ್ಲಿ ಹುಳ ಹೆಚ್ಚು ಓಡಲ್ಲ, ಫೋಟೊ ಸ್ಪಷ್ಟ ಬರುತ್ತೆ. ಗೂಗಲ್ ಲೆನ್ಸ್, ಐನ್ಯಾಚುರಲಿಸ್ಟ್ ಹೆಸರು ಸೂಚಿಸ್ತವೆ. ಆದ್ರೆ ಅದು ಬರೀ ಅಂದಾಜು. ಅದನ್ನೇ ನಂಬಿ ಔಷಧಿ ತರಬೇಡಿ, ತಿಳಿದವರಿಗೆ ಫೋಟೊ ತೋರಿಸಿ.

ಗುರುತು ಸಿಗದ ಮರಿಹುಳ ಇದ್ದರೆ ಸಾಕಿ ನೋಡಿ. ಅಗಲ ಬಾಯಿಯ ಬಾಟ್ಲಿಗೆ ಹೇನು ಹತ್ತಿದ ಕುಡಿ ಸಮೇತ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ದಿನಾ ಕುಡಿ ಬದಲಿಸಿ. ಹೇನು ಕಮ್ಮಿಯಾಯ್ತಾ, ಎಲೆ ತೂತಾಯ್ತಾ ನೋಡಿ. ಯಾರು ಸ್ನೇಹಿತ, ಯಾರು ಶತ್ರು ಅಂತ ಹುಳವೇ ಹೇಳುತ್ತೆ. ಕೋಶ ಕಟ್ಟಿ ದೊಡ್ಡ ಹುಳ ಹೊರಗೆ ಬಂದಾಗ ಗುರುತು ಇನ್ನೂ ಸುಲಭ.

ಸಂಗ್ರಹಕ್ಕೆ ಒಂದು ಜಾತಿಗೆ ಒಂದೆರಡು ಸಾಕು. ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿ ಒಂದೆರಡು ದಿನ ಇಟ್ರೆ ಸಾಯುತ್ತೆ. ದೊಡ್ಡ ದುಂಬಿಗೆ ಬಲಗಡೆ ರೆಕ್ಕೆಯ ಮೂಲಕ ಪಿನ್ ಚುಚ್ಚಿ. ಗುಲಗಂಜಿಯಂಥ ಚಿಕ್ಕದನ್ನ ತ್ರಿಕೋನಾಕಾರದ ರಟ್ಟಿನ ತುದಿಗೆ ಅಂಟಿಸಿ, ರಟ್ಟಿಗೆ ಪಿನ್ ಹಾಕಿ. ಸ್ವೀಟ್ ಡಬ್ಬಿಯ ತಳಕ್ಕೆ ಥರ್ಮಾಕೋಲ್ ಹಾಕಿದ್ರೆ ಪೆಟ್ಟಿಗೆ ರೆಡಿ. ಮರಿಹುಳ ಒಣಗಿದ್ರೆ ಸುಕ್ಕಾಗುತ್ತೆ, ಅದನ್ನ ಸ್ಪಿರಿಟ್ ಇರೋ ಸಣ್ಣ ಸೀಸೆಯಲ್ಲಿಡಿ. ಚಿಟ್ಟೆಗಳನ್ನ ಮಾತ್ರ ಹಿಡೀಬೇಡಿ. ಕೆಲವು ಜಾತಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಫೋಟೊ ಸಾಕು.

ಚೀಟಿ ಮರೀಬೇಡಿ

ಪ್ರತಿ ಹುಳದ ಕೆಳಗೆ ಚೀಟಿ ಇರಲಿ: ಊರು, ತಾರೀಕು, ಯಾವ ಬೆಳೆ, ಹಿಡಿದವರ ಹೆಸರು. ಚೀಟಿ ಇಲ್ಲದ ಹುಳ ಬರೀ ಆಟದ ಸಾಮಾನು. ಚೀಟಿ ಇದ್ರೆ ಅದೇ ನಿಮ್ಮ ಹೊಲದ ಪಂಚಾಂಗ, ಯಾವ ತಿಂಗಳು ಯಾರು ಬರ್ತಾರೆ ಅಂತ ಮುಂದಿನ ವರ್ಷ ಮೊದಲೇ ಗೊತ್ತಾಗುತ್ತೆ.

ಹೋದ ವರ್ಷ ಅಲಸಂದೆಗೆ ಮತ್ತೆ ಹೇನು ಬಿತ್ತು. ಅಪ್ಪ ಪಂಪ್ ತೆಗೆದ್ರು. ನಾನು ಪೆಟ್ಟಿಗೆ ತಂದು ತೋರಿಸಿ, "ಇವು ಬಂದಿದಾವೆ, ಒಂದು ವಾರ ತಡೀರಿ ಅಪ್ಪ" ಅಂದೆ. ದಿನಾ ಹತ್ತು ಗಿಡ ನೋಡ್ತಾ ಹೋದ್ವಿ. ವಾರದಲ್ಲಿ ಹೇನು ಇಳೀತು, ಪಂಪ್ ವಾಪಸ್ ಅಟ್ಟ ಸೇರ್ತು. ಪ್ರತಿ ಸಲ ಹೀಗೇ ಆಗುತ್ತೆ ಅಂತಲ್ಲ, ಹೇನು ಏರ್ತಾನೇ ಇದ್ರೆ ಔಷಧಿ ಬೇಕಾಗಬಹುದು. ಆದ್ರೆ ಯಾರಿಗೆ ಹೊಡೀತಿದೀವಿ ಅನ್ನೋದು ಮೊದಲು ಗೊತ್ತಿರಲಿ.

ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಒಂದು ಖಾಲಿ ಬಾಟ್ಲಿ ಜೇಬಲ್ಲಿಟ್ಕೊಳ್ಳಿ.