ಸೈಕಲ್ಲಿನ ಭಾರ ಎಲ್ಲಿದೆ?

ಕನಕಪುರದಿಂದ ಸಂಗಮಕ್ಕೆ ಹೋಗುವ ರಸ್ತೆಯಲ್ಲಿ ದೊಡ್ಡಆಲಹಳ್ಳಿ ಸಿಗುತ್ತದೆ. ಸುತ್ತಲಿನ ನೆಲ ಸಮತಟ್ಟಲ್ಲ. ಒಂದು ದಿಬ್ಬ ಹತ್ತಿ ಇಳಿಯುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಇಂಥ ಕಡೆ ಶಾಲೆಗೆ ಸೈಕಲ್ ತುಳಿಯುವ ಮಕ್ಕಳ ದೂರು ಸಾಮಾನ್ಯವಾಗಿ ಒಂದೇ: ಸೈಕಲ್ ಭಾರ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತವಾಗಿ ಕೊಡಲಾರಂಭಿಸಿದ್ದೂ ಗಟ್ಟಿಮುಟ್ಟಾದ ಉಕ್ಕಿನ ಸೈಕಲ್ಲನ್ನೇ. ಹಗುರವಾದ ಹೊಸದನ್ನು ಕೊಳ್ಳಲು ಎಲ್ಲ ಮನೆಗಳಲ್ಲೂ ಹಣವಿರುವುದಿಲ್ಲ. ಹಾಗಾದರೆ ಇರುವುದನ್ನೇ ಹಗುರ ಮಾಡಬಹುದೆ?

ಮೊದಲು ತೂಗಬೇಕು. ಸೈಕಲ್ಲನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಬರಿಗೈಯಲ್ಲಿ ನಿಂತು, ಮೊದಲನೆಯದರಿಂದ ಎರಡನೆಯದನ್ನು ಕಳೆದರಾಯಿತು. ಸೈಕಲ್ 22 ಕಿಲೋ, ಸವಾರ 45 ಕಿಲೋ, ಚೀಲ 5 ಕಿಲೋ ಎಂದುಕೊಳ್ಳೋಣ. ಒಟ್ಟು 72. ಇದನ್ನು 20 ಮೀಟರ್ ಎತ್ತರದ ದಿಬ್ಬಕ್ಕೆ ಏರಿಸಲು ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ 72 × 9.8 × 20, ಅಂದರೆ 14,112 ಜೌಲ್. ಸೈಕಲ್ಲಿನಿಂದ 2 ಕಿಲೋ ಕಿತ್ತರೆ ಉಳಿಯುವುದು 392 ಜೌಲ್, ಶೇಕಡ 3ಕ್ಕೂ ಕಡಿಮೆ. ಅದೇ 2 ಕಿಲೋವನ್ನು ಚೀಲದಿಂದ ತೆಗೆದರೂ ಲಾಭ ಅಷ್ಟೇ, ಖರ್ಚು ಮಾತ್ರ ಸೊನ್ನೆ! 2019ರಲ್ಲಿ ರಾಜ್ಯ ಸರ್ಕಾರ 9 ಮತ್ತು 10ನೇ ತರಗತಿಯವರ ಚೀಲ 4ರಿಂದ 5 ಕಿಲೋ ಮೀರಬಾರದೆಂದು ಹೇಳಿತು. ಶಾಲೆಯಲ್ಲಿ ಕುಡಿಯುವ ನೀರು ಚೆನ್ನಾಗಿದ್ದರೆ ಒಂದು ಲೀಟರಿನ ಬಾಟಲಿ ಖಾಲಿಯಾಗಿಯೇ ಹೋಗಬಹುದು. ಒಂದು ಕಿಲೋ ಇಳಿಯಿತು.

ಸೈಕಲ್ಲಿನಲ್ಲಿ ತೆಗೆಯಬಹುದಾದದ್ದು ಬಳಸದ ಬುಟ್ಟಿ, ಕೆಟ್ಟ ಡೈನಮೊ, ಯಾರೂ ಕೂರದ ಭಾರಿ ಕ್ಯಾರಿಯರ್. ಮಡ್‌ಗಾರ್ಡ್ ತೆಗೆದವರು ಮೊದಲ ಮಳೆಗೇ ಸಮವಸ್ತ್ರದ ಬೆನ್ನು ನೋಡಿಕೊಳ್ಳುತ್ತಾರೆ. ಬ್ರೇಕ್, ಬೆಲ್, ಹಿಂದಿನ ಕೆಂಪು ಪ್ರತಿಫಲಕಗಳ ತಂಟೆಗೆ ಹೋಗುವುದೇ ಬೇಡ. ಹಗುರವಾಗಲೆಂದು ಫ್ರೇಮಿಗೆ ರಂಧ್ರ ಕೊರೆಯುವ ಸಾಹಸವೂ ಕೂಡದು. ಕೊರೆದಲ್ಲೇ ಬಿರುಕು ಹುಟ್ಟುತ್ತದೆ.

ಇನ್ನು ಅಲ್ಯೂಮಿನಿಯಂ ರಿಮ್ಮು. ಅದರ ಸಾಂದ್ರತೆ 2.7, ಉಕ್ಕಿನದು 7.8ರ ಆಸುಪಾಸು. ಆದರೆ ರಿಮ್ಮಿನ ತೂಕ ಮೂರನೇ ಒಂದಕ್ಕೆ ಇಳಿಯುವುದಿಲ್ಲ. ಬಾಗುವಿಕೆಯನ್ನು ತಡೆಯುವ ಗುಣವೂ ಮೂರನೇ ಒಂದರಷ್ಟೇ ಇರುವುದರಿಂದ ಲೋಹವನ್ನು ದಪ್ಪವಾಗಿ ಬಳಸಬೇಕಾಗುತ್ತದೆ. ನಿಂತಲ್ಲಿಂದ ಹೊರಡುವಾಗ ಚಕ್ರದ ಅಂಚಿನ ತೂಕ ಸುಮಾರು ಎರಡು ಪಟ್ಟಿನಂತೆ ಕಾಡುತ್ತದೆ, ಏಕೆಂದರೆ ಅದು ಮುಂದೆ ಸಾಗುವುದಲ್ಲದೆ ಸುತ್ತಲೂ ಬೇಕು. ಒದ್ದೆಯಾದಾಗ ಅಲ್ಯೂಮಿನಿಯಂ ರಿಮ್ಮಿನ ಮೇಲೆ ಬ್ರೇಕ್ ಉಕ್ಕಿಗಿಂತ ಚೆನ್ನಾಗಿ ಹಿಡಿಯುತ್ತದೆ. ಕೊಳ್ಳುವುದಾದರೆ ಈ ಕಾರಣಕ್ಕೆ ಕೊಳ್ಳಬೇಕು. ಹಳೆಯ ಸರಳು ಬ್ರೇಕಿನ ಸೈಕಲ್ಲಿಗೆ ಮಾತ್ರ ಇದು ಹೊಂದದು. ಅದರ ರಬ್ಬರು ಒತ್ತುವುದು ರಿಮ್ಮಿನ ಒಳಮೈಯನ್ನು, ಪಕ್ಕವನ್ನಲ್ಲ. ಬ್ರೇಕನ್ನೇ ಬದಲಿಸಬೇಕಾದೀತು.

ದಿಬ್ಬವೇ ನಿಜವಾದ ತೊಂದರೆಯಾದರೆ ಇನ್ನೊಂದು ಉಪಾಯವಿದೆ. ಮುಂದೆ 44, ಹಿಂದೆ 18 ಹಲ್ಲುಗಳಿದ್ದಲ್ಲಿ ಹಿಂದಿನ ಫ್ರೀವೀಲನ್ನು 20 ಹಲ್ಲಿನದಕ್ಕೆ ಬದಲಿಸಿದರೆ ಪೆಡಲಿಗೆ ಹಾಕುವ ಬಲ ಶೇಕಡ 10 ಕಡಿಮೆಯಾಗುತ್ತದೆ. ಕಾಲು ಮಾತ್ರ ಸ್ವಲ್ಪ ಹೆಚ್ಚು ಸಲ ಸುತ್ತಬೇಕು. ಒಟ್ಟು ಕೆಲಸ ಅಷ್ಟೇ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು.

ಇದೆಲ್ಲಕ್ಕಿಂತ ಮೊದಲು ಚಕ್ರವನ್ನು ಎತ್ತಿ ತಿರುಗಿಸಿ ನೋಡಬೇಕು. ಬ್ರೇಕಿನ ರಬ್ಬರು ಉಜ್ಜುತ್ತಿದ್ದರೆ ಬೇಗ ನಿಲ್ಲುತ್ತದೆ. ಟೈರಿನ ಬದಿಯಲ್ಲಿ ಬರೆದಿರುವಷ್ಟು ಗಾಳಿ ಇದೆಯೇ, ಚೈನ್ ಒಣಗಿದೆಯೇ ಎಂಬುದನ್ನೂ ನೋಡಬೇಕು. ‘ಭಾರ’ ಎಂದು ಬೈಸಿಕೊಳ್ಳುವ ಎಷ್ಟೋ ಸೈಕಲ್ಲುಗಳು ಪಂಪು ಹೊಡೆದು ನಾಲ್ಕು ಹನಿ ಎಣ್ಣೆ ಬಿಟ್ಟೊಡನೆ ‘ಹಗುರ’ವಾಗುತ್ತವೆ, ಒಂದು ಗ್ರಾಮೂ ಇಳಿಯದೆ.