ಉಪ್ಪು ಹಿಡಿದ ಕಪ್ಪು ತತ್ತಿ

1924ರಲ್ಲಿ ರಷ್ಯಾದ ತಿಖಾಯಾ ಸೊಸ್ನಾ ನದಿಯಲ್ಲಿ ಒಂದು ಹೆಣ್ಣು ಬೆಲುಗಾ ಮೀನು ಸಿಕ್ಕಿತು. ಅದರ ತೂಕ 1,227 ಕಿಲೋ. ಹೊಟ್ಟೆ ಸೀಳಿದಾಗ ಸಿಕ್ಕ ತತ್ತಿಯೇ 245 ಕಿಲೋ. ಅಂಥ ತತ್ತಿಗೆ ಉಪ್ಪು ಬೆರೆಸಿ ಡಬ್ಬಿಗೆ ತುಂಬಿದರೆ ಅದೇ ಕ್ಯಾವಿಯರ್. ಸಿನಿಮಾಗಳಲ್ಲಿ ಸಿರಿವಂತರ ಮೇಜಿನ ಮೇಲೆ ಕಾಣುವ ಆ ಕಪ್ಪು ಕಾಳುಗಳಲ್ಲಿ ಮೂಲತಃ ಇರುವುದು ಇವೆರಡೇ, ತತ್ತಿ ಮತ್ತು ಉಪ್ಪು. ಇಷ್ಟು ಸರಳವಾದ ಪದಾರ್ಥಕ್ಕೆ ಅಷ್ಟೊಂದು ಬೆಲೆ ಏಕೆ, ಅದು ನಿಜಕ್ಕೂ ಅಷ್ಟು ರುಚಿಯೇ ಎಂದು ಯಾರಿಗಾದರೂ ಅನ್ನಿಸದೆ ಇರದು.

ಸಿಕ್ಕ ಸಿಕ್ಕ ಮೀನಿನ ತತ್ತಿಯೆಲ್ಲ ಕ್ಯಾವಿಯರ್ ಆಗುವುದಿಲ್ಲ. ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಆ ಹೆಸರು ಬೆಲುಗಾ ಸೇರಿದ ಸ್ಟರ್ಜನ್ ವರ್ಗದ ಮೀನುಗಳ ತತ್ತಿಗೆ ಮಾತ್ರ ಸಲ್ಲುತ್ತದೆ. ಇವು ಡೈನೊಸಾರ್‌ಗಳ ಕಾಲದಿಂದ ಬಂದ ವಂಶ. ಮೂತಿ ಚೂಪು, ಪ್ರೌಢ ಮೀನಿನ ಬಾಯಲ್ಲಿ ಹಲ್ಲಿಲ್ಲ, ಮೈಯುದ್ದಕ್ಕೂ ಸಾಲುಸಾಲು ಎಲುಬಿನ ಫಲಕಗಳು. ಸ್ಟರ್ಜನ್‌ಗಳೆಲ್ಲ ಉತ್ತರ ಗೋಳಾರ್ಧದ ತಣ್ಣೀರಿನ ಮೀನುಗಳು. ನಮ್ಮ ದೇಶದ ಹೊಳೆಗಳಲ್ಲಿ ಇವು ಇಲ್ಲ. ಮೇಲ್ನೋಟಕ್ಕೆ ಇವುಗಳ ಮೈಮೇಲೆ ಸಾಮಾನ್ಯ ಹುರುಪೆ ಕಾಣುವುದಿಲ್ಲ. ಶಿಯಾ ಸಂಪ್ರದಾಯದಲ್ಲಿ ಹುರುಪೆಯಿಲ್ಲದ ಮೀನು ನಿಷಿದ್ಧ. ಹಾಗಾಗಿ ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲೇ ಇದ್ದರೂ ಇರಾನಿನಲ್ಲಿ ಸ್ಟರ್ಜನ್ ತಿನ್ನುವಂತಿರಲಿಲ್ಲ. ಬಾಲದ ಬಳಿ ಪುಟ್ಟ ವಜ್ರಾಕಾರದ ಹುರುಪೆಗಳಿವೆ ಎಂದು ಮತ್ಸ್ಯತಜ್ಞರು ತೋರಿಸಿಕೊಟ್ಟ ಮೇಲೆ, 1983ರಲ್ಲಿ ಅಲ್ಲಿನ ಪರಮೋಚ್ಚ ನಾಯಕ ಆಯತೊಲ್ಲಾ ಖೊಮೇನಿ ಅದನ್ನು ತಿನ್ನಬಹುದೆಂದು ಫತ್ವಾ ಹೊರಡಿಸಿದರು.

ತತ್ತಿ ತೆಗೆಯುವುದಕ್ಕೆ ಹದ ನೋಡಬೇಕು. ಅದು ಬಲಿತಿರಬೇಕು, ಆದರೆ ಅಂಡಾಶಯದಿಂದ ಇನ್ನೂ ಕಳಚಿಕೊಂಡಿರಬಾರದು. ಕಳಚಿಕೊಂಡ ತತ್ತಿಯ ಸಿಪ್ಪೆ ಮೆತ್ತಗಾಗುತ್ತದೆ, ನೀರು ಸೋಕಿದೊಡನೆ ಅಂಟಂಟಾಗುತ್ತದೆ. ಹೊಳೆಯ ತಳದ ಕಲ್ಲುಗಳಿಗೆ ಅಂಟಿಕೊಳ್ಳಲು ಪ್ರಕೃತಿ ಮಾಡಿಕೊಟ್ಟ ಉಪಾಯ ಅದು. ಆದ್ದರಿಂದಲೇ ಸಾಂಪ್ರದಾಯಿಕ ವಿಧಾನದಲ್ಲಿ ಮೀನನ್ನು ಕೊಂದು ಇಡೀ ಅಂಡಾಶಯವನ್ನು ಹೊರತೆಗೆಯುತ್ತಾರೆ. ಜರಡಿಯ ಮೇಲೆ ಅದನ್ನು ಮೆಲ್ಲಗೆ ಉಜ್ಜಿದರೆ ಪೊರೆ ಮೇಲೆ ಉಳಿದು ಕಾಳುಗಳು ಕೆಳಗೆ ಉದುರುತ್ತವೆ. ತಣ್ಣೀರಿನಲ್ಲಿ ತೊಳೆದು, ನೀರು ಬಸಿದು, ನೂರಕ್ಕೆ ಮೂರರಿಂದ ಐದು ಪಾಲು ಉಪ್ಪು ಬೆರೆಸುತ್ತಾರೆ. ಉಪ್ಪು ಕಾಳಿನೊಳಗಿನ ನೀರನ್ನು ಹೊರಗೆಳೆಯುತ್ತದೆ, ಸಿಪ್ಪೆಯನ್ನು ಬಿಗಿಗೊಳಿಸುತ್ತದೆ, ಕೆಡಿಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಯುರೋಪಿನಲ್ಲಿ ಇದರ ಜೊತೆಗೆ ಒಂದಿಷ್ಟು ಬಿಳಿಗಾರ ಹಾಕುವುದೂ ಉಂಟು. ಅಮೆರಿಕದಲ್ಲಿ ಅದಕ್ಕೆ ಅನುಮತಿಯಿಲ್ಲ.

ಇನ್ನು ರುಚಿ. ನಮ್ಮ ಕರಾವಳಿಯಲ್ಲಿ ಮೀನಿನ ತತ್ತಿಗೆ ಮಸಾಲೆ ಹಚ್ಚಿ ಕಾವಲಿಯ ಮೇಲೆ ಕಾಯಿಸುತ್ತಾರೆ. ಬಿಸಿ ತಗುಲಿದ ಪ್ರೊಟೀನ್ ಗಟ್ಟಿಯಾಗಿ ತತ್ತಿ ಮರಳು ಮರಳಾಗುತ್ತದೆ, ಮಸಾಲೆಯ ರುಚಿ ಮುಂದಾಗುತ್ತದೆ. ಕ್ಯಾವಿಯರ್‌ಗೆ ಬಿಸಿಯೇ ತಗುಲುವುದಿಲ್ಲ. ಒಳಗಿನ ದ್ರವ ದ್ರವವಾಗಿಯೇ ಉಳಿದಿರುತ್ತದೆ. ನಾಲಿಗೆಯಿಂದ ಅಂಗುಳಕ್ಕೆ ಒತ್ತಿದರೆ ಕಾಳು ಒಡೆದು ಎಣ್ಣೆ ಹರಡುತ್ತದೆ. ತಣ್ಣೀರಿನ ಮೀನಿನ ಕೊಬ್ಬು ತಂಪಿನಲ್ಲೂ ಹೆಪ್ಪುಗಟ್ಟುವಂಥದ್ದಲ್ಲ, ಆದ್ದರಿಂದ ಆ ಎಣ್ಣೆ ಬಾಯಲ್ಲಿ ಬೆಣ್ಣೆಯಂತೆ ನುಣ್ಣಗೆ ಸರಿಯುತ್ತದೆ. ಮೊದಲು ತಿಳಿಯುವುದು ಉಪ್ಪು, ಆಮೇಲೆ ಈ ಕೊಬ್ಬು, ಕೊನೆಗೆ ಬಾಯಲ್ಲಿ ತುಸು ಹೊತ್ತು ನಿಲ್ಲುವ ಉಮಾಮಿ. ಹಣ್ಣಾದ ಟೊಮೆಟೊ, ಅಣಬೆಗಳಲ್ಲಿ ಸಿಗುವ ಅದೇ ರುಚಿ. ಗ್ಲುಟಾಮಿಕ್ ಆಮ್ಲ ಅದರ ಮೂಲ. ಡಬ್ಬಿಯಲ್ಲಿ ತಂಪಾಗಿ ಕೆಲವು ವಾರ ಇಟ್ಟಾಗ ತತ್ತಿಯ ಕಿಣ್ವಗಳೇ ಪ್ರೊಟೀನನ್ನು ಸ್ವಲ್ಪ ಸ್ವಲ್ಪವಾಗಿ ಮುರಿದು ಇಂಥ ಅಮೈನೊ ಆಮ್ಲಗಳನ್ನು ಬಿಡಿಸುತ್ತವೆ. ಹಾಗಾಗಿ ಅಂದೇ ಉಪ್ಪು ಹಾಕಿದ ಕ್ಯಾವಿಯರ್‌ಗಿಂತ ಸ್ವಲ್ಪ ಮಾಗಿದ್ದರ ರುಚಿ ಹೆಚ್ಚು ತುಂಬಿಕೊಂಡಿರುತ್ತದೆ.

ಮೀನಿನ ಕಮಟು ವಾಸನೆ ಬಂದರೆ ಅದು ಕ್ಯಾವಿಯರ್‌ನ ಗುಣವಲ್ಲ, ದೋಷ. ಅದರ ಕೊಬ್ಬು ಗಾಳಿ ತಾಗಿದರೆ ಬೇಗ ಕೆಡುತ್ತದೆ. ಡಬ್ಬಿ ತೆರೆದ ಮೇಲೆ ಎರಡು ಮೂರು ದಿನದಲ್ಲಿ ಮುಗಿಸಬೇಕು. ಬೆಳ್ಳಿ ಚಮಚ ಬೇಡವೆನ್ನುವುದಕ್ಕೂ ರಸಾಯನಶಾಸ್ತ್ರದ ಕಾರಣವಿದೆ. ತತ್ತಿಯಲ್ಲಿರುವ ಗಂಧಕ ಬೆಳ್ಳಿಯೊಡನೆ ವರ್ತಿಸಿ ಚಮಚ ಕಪ್ಪಾಗುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ. ಆದ್ದರಿಂದ ಮುತ್ತಿನ ಚಿಪ್ಪಿನ ಚಮಚ ಬಳಸುವ ರೂಢಿ ಬಂತು.

ಹಾಗಾದರೆ ರುಚಿಯೇ? ಮೀನು ಇಷ್ಟಪಡುವವರಿಗೆ, ತಾಜಾ ಇದ್ದರೆ, ಖಂಡಿತ ರುಚಿ. ಆದರೆ ಅದು ಮೆದುವಾದ, ತಗ್ಗಿದ ದನಿಯ ರುಚಿ. ಖಾರ, ಹುಳಿ, ಒಗ್ಗರಣೆಗೆ ಒಗ್ಗಿದ ನಾಲಿಗೆಗೆ ಬರೀ ಉಪ್ಪು ಎನಿಸಿದರೆ ಅದರಲ್ಲಿ ನಾಲಿಗೆಯ ತಪ್ಪೇನಿಲ್ಲ. ಮತ್ತು ಬೆಲೆ ಹತ್ತು ಪಟ್ಟು ಏರಿದರೆ ರುಚಿ ಹತ್ತು ಪಟ್ಟು ಏರುವುದಿಲ್ಲ. ಉಪ್ಪು, ಕೊಬ್ಬು, ಉಮಾಮಿ ಈ ಮೂರೂ ಸಾಲ್ಮನ್ ಮೀನಿನ ಕೆಂಪು ತತ್ತಿಯಲ್ಲಿ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತವೆ.

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಹಡ್ಸನ್ ನದಿಯ ಸ್ಟರ್ಜನ್ ಎಷ್ಟು ಅಗ್ಗವಾಗಿತ್ತೆಂದರೆ ಆ ನದಿಯ ದಂಡೆಯ ಆಲ್ಬನಿ ಊರಿನ ಹೆಸರಿನಲ್ಲಿ ಅದನ್ನು ‘ಆಲ್ಬನಿ ಬೀಫ್’ ಎಂದು ಕರೆಯುತ್ತಿದ್ದರು. ಡೆಲಾವೇರ್ ನದಿಯಿಂದ ಕ್ಯಾವಿಯರ್ ಯುರೋಪಿಗೆ ರಫ್ತಾಗುತ್ತಿತ್ತು. ಕೆಲವೇ ದಶಕಗಳ ಬೇಟೆಗೆ ಅಲ್ಲಿನ ಸ್ಟರ್ಜನ್ ಸಂತತಿ ಕುಸಿಯಿತು. ತತ್ತಿಯ ರುಚಿ ಮೊದಲಿನಂತೆಯೇ ಇತ್ತು, ಮೀನು ಇರಲಿಲ್ಲ, ಬೆಲೆ ಏರಿತು.

ಈ ಮೀನು ಚೇತರಿಸಿಕೊಳ್ಳದಿರುವುದಕ್ಕೆ ಕಾರಣ ಅದರ ನಿಧಾನ ಬದುಕು. ಹೆಣ್ಣು ಬೆಲುಗಾ ಮೊದಲ ಸಲ ತತ್ತಿ ಇಡಲು ಹದಿನೈದರಿಂದ ಇಪ್ಪತ್ತು ವರ್ಷ ಬೇಕು. ಆಮೇಲೂ ಪ್ರತಿ ವರ್ಷ ಇಡುವುದಿಲ್ಲ. ಬದುಕಲು ಬಿಟ್ಟರೆ ನೂರು ವರ್ಷ ದಾಟಬಲ್ಲದು. ಕ್ಯಾಸ್ಪಿಯನ್ ಸಮುದ್ರದಲ್ಲಿ ಬೆಳೆಯುವ ಬೆಲುಗಾಗಳು ತತ್ತಿ ಇಡಲು ವೋಲ್ಗಾ ನದಿಯ ಮೇಲಕ್ಕೆ ಈಜುವುದು ಪದ್ಧತಿ. ಸುಮಾರು 1960ರ ಹೊತ್ತಿಗೆ ವೋಲ್ಗೊಗ್ರಾದ್ ಅಣೆಕಟ್ಟು ಎದ್ದು ಆ ದಾರಿಯನ್ನು ಮುಚ್ಚಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಕಾವಲು ಸಡಿಲವಾಗಿ ಕಳ್ಳಬೇಟೆ ಮಿತಿಮೀರಿತು. 1998ರಿಂದ ಎಲ್ಲ ಸ್ಟರ್ಜನ್‌ಗಳ ಅಂತರರಾಷ್ಟ್ರೀಯ ವ್ಯಾಪಾರವೂ ಅಳಿವಿನಂಚಿನ ಜೀವಿಗಳನ್ನು ಕಾಯುವ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಿದೆ. 2022ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಉಳಿದಿರುವ ಪ್ರತಿಯೊಂದು ಜಾತಿಯೂ ಅಳಿವಿನ ಅಪಾಯದಲ್ಲಿದೆ ಎಂದಿತು. ಇಷ್ಟು ದೊಡ್ಡ ಕುಟುಂಬ ಇಡಿಯಾಗಿ ಈ ಸ್ಥಿತಿಗೆ ಬಂದಿರುವುದನ್ನು ಓದುವಾಗ ಮನಸ್ಸು ಭಾರವಾಗುತ್ತದೆ.

ಇಂದು ಅಂಗಡಿಗೆ ಬರುವ ಕ್ಯಾವಿಯರ್ ಬಹುಪಾಲು ಸಾಕಣೆಯದು. ಉತ್ಪಾದನೆಯಲ್ಲಿ ಚೀನಾ ಎಲ್ಲರಿಗಿಂತ ಮುಂದಿದೆ. ಹೊರಗಿನಿಂದ ನೋಡಿ ಗಂಡು ಹೆಣ್ಣು ಹೇಳಲಾಗದ ಮೀನಾದ್ದರಿಂದ ಸಾಕುವವರು ಅಲ್ಟ್ರಾಸೌಂಡ್ ಹಿಡಿದು ಬೇರ್ಪಡಿಸುತ್ತಾರೆ, ಹೆಣ್ಣನ್ನು ಮತ್ತೆ ವರ್ಷಗಟ್ಟಲೆ ಸಾಕುತ್ತಾರೆ. ಸಾಕಣೆಗೆ ತನ್ನದೇ ಆದ ರುಚಿಯ ತೊಡಕೊಂದಿದೆ. ಮೊದಲ ಮಳೆಗೆ ನೆಲದಿಂದ ಏಳುವ ಘಮಕ್ಕೆ ಕಾರಣವಾದ ಜಿಯೋಸ್ಮಿನ್ ಎಂಬ ರಾಸಾಯನಿಕವನ್ನು ಕೊಳದ ಸೂಕ್ಷ್ಮಜೀವಿಗಳೂ ತಯಾರಿಸುತ್ತವೆ. ಅದು ಕಿವಿರಿನ ಮೂಲಕ ಒಳಸೇರಿ ಮೀನಿನ ಕೊಬ್ಬಿನಲ್ಲಿ ಕೂರುತ್ತದೆ. ಮಳೆಯಲ್ಲಿ ನಾವು ಹಿಗ್ಗುವ ಆ ವಾಸನೆ ತತ್ತಿಯಲ್ಲಿ ಕೆಸರಿನಂತೆ ಅಡರುತ್ತದೆ. ಅದನ್ನು ಕಳೆಯಲು ತತ್ತಿ ತೆಗೆಯುವ ಮುನ್ನ ಮೀನನ್ನು ಕೆಲವು ವಾರ ಶುದ್ಧ ನೀರಿನಲ್ಲಿ ಬಿಡುತ್ತಾರೆ.

ಸಾಕಣೆ ಬಂದರೂ ಕಳ್ಳಬೇಟೆ ನಿಂತಿಲ್ಲ. ಡ್ಯಾನ್ಯೂಬ್ ನದಿಯ ಆಸುಪಾಸಿನ ನಾಲ್ಕು ದೇಶಗಳಲ್ಲಿ ಕ್ಯಾವಿಯರ್ ಕೊಂಡು ಡಿಎನ್ಎ ಪರೀಕ್ಷಿಸಿದ ಸಂಶೋಧಕರು 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಸರಿಸುಮಾರು ಅರ್ಧದಷ್ಟು ಮಾದರಿಗಳಲ್ಲಿ ಅಕ್ರಮವಿತ್ತು. ಕಾಡುಮೀನಿನ ತತ್ತಿಯೂ ಅದರಲ್ಲಿತ್ತು, ಕ್ಯಾವಿಯರ್ ಎಂದು ಬಡಿಸಿದ ಕೆಲವದರಲ್ಲಿ ಸ್ಟರ್ಜನ್‌ನ ಸುಳಿವೇ ಇರಲಿಲ್ಲ. ಈ ವರ್ಷ ಡ್ಯಾನ್ಯೂಬ್‌ನಲ್ಲಿ ತತ್ತಿಯೊಡೆದು ಬಂದ ಹೆಣ್ಣು ಬೆಲುಗಾ ಮರಿ ತಾನು ತತ್ತಿ ಇಡುವ ಹೊತ್ತಿಗೆ 2040 ಬಂದಿರುತ್ತದೆ.