ಕುಸ್ತಿ ಸುಳ್ಳಂತೆ, ಬೇಸ್‌ಬಾಲ್ ನಿಜವಂತೆ!

ನಾನಾಗ ನಾಲ್ಕನೇ ಕ್ಲಾಸು. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದರೆ ನಮಗೆ ಇದ್ದದ್ದು ಎರಡೇ ಕೆಲಸ. ಹಗಲೆಲ್ಲ ಗೇರುಹಣ್ಣು ಕೊಯ್ಯುವುದು, ಸಂಜೆಯಾದರೆ ಟಿ.ವಿ.ಯಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿ ನೋಡುವುದು. ಅಂಡರ್‌ಟೇಕರ್‌ಗೆ ಏಳು ಜೀವ ಇದೆ ಎಂದು ನಾವೆಲ್ಲ ಗಟ್ಟಿಯಾಗಿ ನಂಬಿದ್ದೆವು. ಟ್ರಂಪ್ ಕಾರ್ಡ್‌ಗಳಲ್ಲಿದ್ದ ಪೈಲ್ವಾನರ ಎತ್ತರ, ತೂಕ, ಎದೆಯ ಸುತ್ತಳತೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಅಂಥದ್ದೊಂದು ಸಂಜೆ, ಪಿಯುಸಿ ಓದುತ್ತಿದ್ದ ದೊಡ್ಡಮ್ಮನ ಮಗ, ‘ಇದೆಲ್ಲ ಸುಳ್ಳು ಮಾರಾಯ್ತಿ. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರ್ತಾರೆ’ ಅಂದುಬಿಟ್ಟ. ನಾನು ಹೋ ಎಂದು ಅತ್ತೆ. ಅಡುಗೆಮನೆಯಿಂದ ಬಂದ ಅಜ್ಜಿ ವಿಷಯ ಕೇಳಿ ನಕ್ಕರು. ‘ಕೌರವನ ತೊಡೆ ಮುರಿಯುತ್ತದೆ ಅಂತ ನಮಗೆ ಮೊದಲೇ ಗೊತ್ತಿಲ್ವಾ ಮಗಾ? ಆದ್ರೂ ಬೆಳಗಿನವರೆಗೆ ಕೂತು ಆಟ ನೋಡುದಿಲ್ವಾ?’ ಎಂದರು. ಯಕ್ಷಗಾನದ ಹುಚ್ಚಿದ್ದ ಅಜ್ಜಿಗೆ ಅದು ದೊಡ್ಡ ಸಂಗತಿಯೇ ಆಗಿರಲಿಲ್ಲ. ನನಗೆ ಆ ಮಾತು ಅರ್ಥವಾಗಲು ಸುಮಾರು ಹದಿನೈದು ವರ್ಷ ಬೇಕಾಯಿತು.

ಆಮೇಲೆ ನಾನು ಕುಸ್ತಿ ಬಿಟ್ಟೆ. ಕಾಲೇಜಿನಲ್ಲಿ ಸಾಫ್ಟ್‌ಬಾಲ್ ತಂಡ ಸೇರಿದ್ದೇ ಅದರ ಅಣ್ಣನಂತಿರುವ ಬೇಸ್‌ಬಾಲ್ ಹುಚ್ಚು ಹತ್ತಿತು. ಅಮೆರಿಕದಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ನಮಗೆ ನಸುಕಿನ ನಾಲ್ಕೂವರೆಗೆ. ಪರೀಕ್ಷೆಗೆ ಏಳದ ಮಗಳು ಚೆಂಡಾಟಕ್ಕೆ ಏಳುತ್ತಾಳೆ ಎಂದು ಅಮ್ಮ ಗೊಣಗುತ್ತಿದ್ದರು. ‘ಇದು ಬರೆದಿಟ್ಟ ಆಟ ಅಲ್ಲಮ್ಮ, ಇದು ನಿಜ’ ಎಂದು ನಾನು ಹೇಳುತ್ತಿದ್ದೆ. ಆ ಮಾತನ್ನು ಈಗ ಅಷ್ಟು ಧೈರ್ಯವಾಗಿ ಹೇಳಲಾರೆ.

ಯಾಕೆ ಅಂತ ಹೇಳುತ್ತೇನೆ ಕೇಳಿ. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನು ಪಿಚರ್, ಬ್ಯಾಟರ್‌ನ ಹಿಂದೆ ಕುಕ್ಕರಗಾಲಲ್ಲಿ ಕೂತವನು ಕ್ಯಾಚರ್. ಮುಂದಿನ ಎಸೆತ ಎಂಥದ್ದು ಎಂಬುದನ್ನು ಆಗೆಲ್ಲ ಕ್ಯಾಚರ್ ಬೆರಳಿನಲ್ಲೇ ಸನ್ನೆ ಮಾಡುತ್ತಿದ್ದ. ಹದಿನೆಂಟು ಮೀಟರ್ ಚಿಲ್ಲರೆ ದೂರದಿಂದ, ನೆಲಕ್ಕೆ ಪುಟಿಯದೆ, ಗಂಟೆಗೆ 150 ಕಿ.ಮೀ. ವೇಗದಲ್ಲಿ ಬರುವ ಚೆಂಡಿಗೆ ಬ್ಯಾಟ್ ಬೀಸಲು ಬ್ಯಾಟರ್‌ಗೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ ಸಮಯ. ಎಂಥ ಚೆಂಡು ಬರುತ್ತದೆ ಎಂದು ಅವನಿಗೆ ಮೊದಲೇ ಗೊತ್ತಾದರೆ? ಪ್ರಶ್ನೆಪತ್ರಿಕೆ ಸೋರಿಕೆಯಾದ ಹಾಗೆ.

2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಮಾಡಿದ್ದು ಅದನ್ನೇ. ಮೈದಾನದ ಕ್ಯಾಮೆರಾದಲ್ಲಿ ಎದುರಾಳಿ ಕ್ಯಾಚರ್‌ನ ಸನ್ನೆ ಹಿಡಿದು, ಆಟಗಾರರು ಕೂರುವ ಜಾಗದ ಹತ್ತಿರವಿದ್ದ ಪರದೆಯಲ್ಲಿ ನೋಡಿ, ಕಸದ ಡಬ್ಬಿ ಬಡಿದು ಬ್ಯಾಟರ್‌ಗೆ ತಿಳಿಸುತ್ತಿದ್ದರು. ಬೇಸ್‌ನಲ್ಲಿ ನಿಂತ ಓಟಗಾರ ತನ್ನ ಕಣ್ಣಿನಿಂದಲೇ ಸನ್ನೆ ಕದ್ದರೆ ಅದು ಜಾಣತನ, ನಿಯಮದಲ್ಲಿ ತಪ್ಪಿಲ್ಲ. ಕ್ಯಾಮೆರಾ ಇಟ್ಟರೆ ಮೋಸ. ಆ ವರ್ಷ ಅವರು ವಿಶ್ವ ಸರಣಿಯನ್ನೂ ಗೆದ್ದರು. 2020ರಲ್ಲಿ 50 ಲಕ್ಷ ಡಾಲರ್ ದಂಡ ಬಿತ್ತು, ಮ್ಯಾನೇಜರ್‌ಗೂ ಜನರಲ್ ಮ್ಯಾನೇಜರ್‌ಗೂ ಒಂದು ವರ್ಷ ನಿಷೇಧವಾಯಿತು. ಪಟ್ಟ ಮಾತ್ರ ಅವರ ಹತ್ತಿರವೇ ಉಳಿಯಿತು. ನನ್ನ ಕೇಳಿದರೆ ಅದನ್ನು ಕಿತ್ತುಕೊಳ್ಳಬೇಕಿತ್ತು. ಬೇರೆಯವರಿಗೆ ಕೊಡುವುದು ಬೇಡ, ಆ ವರ್ಷದ ಜಾಗ ಖಾಲಿ ಇರಲಿ.

ಇದೇನೂ ಹೊಸದಲ್ಲ. 1919ರ ವಿಶ್ವ ಸರಣಿಯನ್ನು ಬೇಕೆಂದೇ ಸೋಲಲು ಜೂಜುಕೋರರ ಜೊತೆ ಸೇರಿದ ಆರೋಪದ ಮೇಲೆ ಷಿಕಾಗೊ ವೈಟ್ ಸಾಕ್ಸ್‌ನ ಎಂಟು ಮಂದಿಗೆ ಜೀವನಪರ್ಯಂತ ನಿಷೇಧ ಬಿತ್ತು. 1998ರಲ್ಲಿ ಮಾರ್ಕ್ ಮೆಕ್‌ಗ್ವಯರ್ 70 ಹೋಮ್ ರನ್, ಸ್ಯಾಮಿ ಸೋಸಾ 66 ಹೋಮ್ ರನ್ ಹೊಡೆದಾಗ ಇಡೀ ಅಮೆರಿಕ ಕುಣಿದಾಡಿತು. ಆ ಕಾಲದಲ್ಲಿ ಸ್ಟೆರಾಯ್ಡ್ ತೆಗೆದುಕೊಂಡಿದ್ದೆ ಎಂದು ಮೆಕ್‌ಗ್ವಯರ್ ಒಪ್ಪಿಕೊಂಡಿದ್ದು 2010ರಲ್ಲಿ. ಹನ್ನೆರಡು ವರ್ಷ ಅಭಿಮಾನಿಗಳು ಚಪ್ಪಾಳೆ ಹೊಡೆದದ್ದು ಯಾವುದಕ್ಕೆ?

ಈ ಬೇಸರದಲ್ಲಿದ್ದಾಗಲೇ ನಾನು ಮತ್ತೆ ಕುಸ್ತಿಗೆ ಬಂದೆ. ಈಗಿನದಕ್ಕಲ್ಲ, ಹಳೆಯದಕ್ಕೆ. ದಾರಿ ತೋರಿಸಿದ್ದು ಒಬ್ಬ ಬೇಸ್‌ಬಾಲ್ ಆಟಗಾರನೇ! ಉತ್ತರ ಪ್ರದೇಶದ ಭದೋಹಿ ಜಿಲ್ಲೆಯ ರಿಂಕು ಸಿಂಗ್. ಕ್ರಿಕೆಟಿಗ ರಿಂಕು ಅಲ್ಲ, ಇವನು ಜಾವೆಲಿನ್ ಎಸೆಯುತ್ತಿದ್ದ ಹುಡುಗ. 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಟಿ.ವಿ. ಸ್ಪರ್ಧೆಯಲ್ಲಿ ಗೆದ್ದು, ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿದ. ಕೆಳ ಹಂತದ ಲೀಗ್‌ಗಳಲ್ಲಿ ಆಡಿದ, ಗಾಯಗೊಂಡ, ಮೇಲಿನ ಲೀಗ್ ಮುಟ್ಟಲಿಲ್ಲ. 2018ರಲ್ಲಿ ಡಬ್ಲ್ಯುಡಬ್ಲ್ಯುಇ ಸೇರಿ ಮುಂದೆ ವೀರ್ ಮಹಾನ್ ಆದ. ಅವನ ಕಥೆಯನ್ನೇ ಅಮೆರಿಕದವರು 2014ರಲ್ಲಿ ಸಿನಿಮಾ ಮಾಡಿದ್ದರು. ಎ.ಆರ್. ರೆಹಮಾನ್ ಸಂಗೀತ ಎಂದು ನಾನು ನೋಡಿದ್ದೆ.

ಬೇಸ್‌ಬಾಲ್ ಬಿಟ್ಟು ಕುಸ್ತಿಗೆ ಬಂದವರು ಬೇರೆ ಯಾರಿದ್ದಾರೆ ಎಂದು ಹುಡುಕಿದಾಗ ಸಿಕ್ಕವನು ‘ಮಾಚೊ ಮ್ಯಾನ್’ ರ‍್ಯಾಂಡಿ ಸ್ಯಾವೇಜ್. ಬಣ್ಣಬಣ್ಣದ ಅಂಗಿ, ಕಪ್ಪು ಕನ್ನಡಕ, ಕರ್ಕಶ ಧ್ವನಿಯ ಸ್ಯಾವೇಜ್ 1970ರ ದಶಕದ ಆರಂಭದಲ್ಲಿ ಕೆಳ ಹಂತದ ಲೀಗ್‌ಗಳಲ್ಲಿ ಬೇಸ್‌ಬಾಲ್ ಆಡುತ್ತಿದ್ದ. ಬಲ ಭುಜಕ್ಕೆ ಪೆಟ್ಟು ಬಿದ್ದಾಗ ಆಟ ಬಿಡದೆ ಎಡಗೈಯಲ್ಲಿ ಎಸೆಯುವುದನ್ನು ಕಲಿತ. ಅಂಥ ಹಟವಾದಿ ‘ಸುಳ್ಳು’ ಕುಸ್ತಿಗೆ ಬಂದು ಏನು ಮಾಡಿದ ಗೊತ್ತೇ?

1987ರ ಮಾರ್ಚ್ 29. ಮಿಷಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ಮೂರನೇ ರೆಸಲ್‌ಮೇನಿಯಾ. ರಿಕಿ ಸ್ಟೀಮ್‌ಬೋಟ್ ಜೊತೆಗಿನ ತನ್ನ ಪಂದ್ಯದ ಪಟ್ಟುಗಳನ್ನು ಸ್ಯಾವೇಜ್ ಮೊದಲೇ ಒಂದೊಂದಾಗಿ ಬರೆದು, ಬಾಯಿಪಾಠ ಮಾಡಿ ಬಂದಿದ್ದ. ಸೋಲಬೇಕಾದವನು ತಾನೇ ಎಂಬುದೂ ಗೊತ್ತಿತ್ತು. ಸುಮಾರು ಕಾಲು ಗಂಟೆಯ ಆ ಪಂದ್ಯ ನೋಡಿ. ಹಗ್ಗದ ಮೇಲಿಂದ ಜಿಗಿತ, ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವುದು, ಎಲ್ಲೂ ಒಂದು ಕ್ಷಣ ಸಡಿಲವಿಲ್ಲ. ಫಲಿತಾಂಶ ಗೊತ್ತಿದ್ದರೂ ನಾನು ದಿಂಬು ಹಿಚುಕಿಕೊಂಡು ಕೂತಿದ್ದೆ. ಅದೇ ರಾತ್ರಿ ಹಲ್ಕ್ ಹೋಗನ್ ದೈತ್ಯ ಆಂಡ್ರೆಯನ್ನು ಎತ್ತಿ ಒಗೆದ. ಅಂದು ಸೇರಿದ ಜನ 93,173 ಎಂದು ಘೋಷಿಸಿದ್ದರು. ಅಷ್ಟಿರಲಿಲ್ಲ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಲೆಕ್ಕದಲ್ಲೂ ನಾಟಕ!

ಆದರೆ ಸ್ಯಾವೇಜ್ ನನಗೆ ಮೋಸ ಮಾಡಲಿಲ್ಲ. ‘ನಾನು ವೇಷ ಹಾಕುತ್ತೇನೆ, ನೀನು ನಂಬಿದ ಹಾಗೆ ಕೂತು ನೋಡು’ ಎಂಬುದು ಅವನ ನಮ್ಮ ನಡುವಿನ ಒಪ್ಪಂದ. ಅವನು ಅದನ್ನು ಉಳಿಸಿಕೊಂಡ. ‘ಯಾರು ಗೆಲ್ಲುತ್ತಾರೋ ನಮಗೂ ಗೊತ್ತಿಲ್ಲ’ ಎಂಬುದು ಬೇಸ್‌ಬಾಲ್‌ನ ಒಪ್ಪಂದ. ಕಸದ ಡಬ್ಬಿ ಬಡಿದವರು ಅದನ್ನು ಮುರಿದರು. ಅಜ್ಜಿ ಅಂದು ಹೇಳಿದ್ದು ಇದನ್ನೇ.

ಹಾಗೆಂದು ಕುಸ್ತಿಯವರೆಲ್ಲ ಸಾಚಾ ಎಂದು ನಾನು ಹೇಳುವುದಿಲ್ಲ. ಆ ಲೋಕದ ನಿಜವಾದ ತಪ್ಪು ಕಥೆ ಬರೆದಿಡುವುದಲ್ಲ. 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಓವನ್ ಹಾರ್ಟ್‌ನನ್ನು ಛಾವಣಿಯಿಂದ ರಿಂಗ್‌ಗೆ ಇಳಿಸುವಾಗ ಅವನು ಬಿದ್ದು ಸತ್ತ. ಕಾರ್ಯಕ್ರಮ ನಿಲ್ಲಲಿಲ್ಲ, ಮುಂದುವರಿಯಿತು. ವೇಷದೊಳಗಿನ ಮನುಷ್ಯ ಸತ್ತಾಗಲೂ ಆಟ ನಡೆಸಿದ್ದನ್ನು ನಾನು ಯಾವತ್ತೂ ಸಮರ್ಥಿಸಲಾರೆ.

ಈ ಎರಡೂ ಲೋಕಗಳ ನಡುವೆ ಸಿಕ್ಕಿಬಿದ್ದವನು ಪೀಟ್ ರೋಸ್. 4,256 ಹಿಟ್, ಬೇಸ್‌ಬಾಲ್ ಇತಿಹಾಸದಲ್ಲೇ ಅತಿ ಹೆಚ್ಚು. ಆದರೆ ಸಿನ್ಸಿನಾಟಿ ರೆಡ್ಸ್ ಮ್ಯಾನೇಜರ್ ಆಗಿದ್ದಾಗ ಬೇಸ್‌ಬಾಲ್ ಪಂದ್ಯಗಳ ಮೇಲೆ ಬೆಟ್ಟಿಂಗ್ ಕಟ್ಟಿದ್ದಕ್ಕೆ 1989ರಲ್ಲಿ ನಿಷೇಧವಾಯಿತು. ಹಾಲ್ ಆಫ್ ಫೇಮ್ ಬಾಗಿಲು ಮುಚ್ಚಿತು. ವರ್ಷಗಟ್ಟಲೆ ‘ನಾನು ಕಟ್ಟಿಲ್ಲ’ ಎಂದೇ ಹೇಳಿದ. ಅತ್ತ ಕುಸ್ತಿಯವರು ಅವನನ್ನು ರೆಸಲ್‌ಮೇನಿಯಾಕ್ಕೆ ಕರೆದರು. 1998ರಿಂದ ಸತತ ಮೂರು ವರ್ಷ ಅವನು ಬಂದ, ಮೂರೂ ವರ್ಷ ಮುಖವಾಡದ ಕೇನ್ ಕೈಯಲ್ಲಿ ಪೆಟ್ಟು ತಿಂದ. 2004ರಲ್ಲಿ ಡಬ್ಲ್ಯುಡಬ್ಲ್ಯುಇ ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿತು. ಅದೇ ವರ್ಷ ಹೊರಬಂದ ಪುಸ್ತಕದಲ್ಲಿ ರೋಸ್ ‘ಹೌದು, ಕಟ್ಟಿದ್ದೆ’ ಎಂದು ಒಪ್ಪಿಕೊಂಡ. ಹದಿನೈದು ವರ್ಷ ಹಿಡಿಯಿತು ಅಷ್ಟು ಹೇಳಲು! 2024ರಲ್ಲಿ ತೀರಿಕೊಂಡ. ನಿಷೇಧ ತೆಗೆದದ್ದು 2025ರಲ್ಲಿ, ಅವನು ಸತ್ತ ಮೇಲೆ.

ನನ್ನ ಅಭಿಪ್ರಾಯ ಇಷ್ಟು. ಬದುಕಿರುವ ತನಕ ಅವನನ್ನು ಆಟದಿಂದ ದೂರ ಇಟ್ಟದ್ದು ಸರಿ. ಆದರೆ ಹಾಲ್ ಆಫ್ ಫೇಮ್‌ನಲ್ಲಿ ಅವನ ಫಲಕ ಇರಲಿ. ಅದರ ಮೇಲೆ 4,256 ಎಂದೂ ಬರೆಯಲಿ, ಬೆಟ್ಟಿಂಗ್ ಕಟ್ಟಿದ್ದ, ಹದಿನೈದು ವರ್ಷ ಸುಳ್ಳು ಹೇಳಿದ್ದ ಎಂದೂ ಬರೆಯಲಿ. ಎರಡೂ ನಿಜವೇ.

ಇಷ್ಟೆಲ್ಲ ತೀರ್ಪು ಕೊಡುವ ನಾನು ಯಾರು? ಅದನ್ನೂ ಹೇಳಿಬಿಡುತ್ತೇನೆ.

ಡಿಗ್ರಿ ಎರಡನೇ ವರ್ಷ. ಅಂತರ ಕಾಲೇಜು ಸಾಫ್ಟ್‌ಬಾಲ್ ಸೆಮಿಫೈನಲ್. ಕೊನೆಯ ಇನ್ನಿಂಗ್ಸ್, ನಾವು ಒಂದೇ ರನ್ ಮುಂದೆ, ಎದುರಾಳಿಗಳ ಇಬ್ಬರು ಬೇಸ್‌ನಲ್ಲಿ, ಅವರಿಗೆ ಉಳಿದದ್ದು ಒಂದೇ ಔಟ್. ಬ್ಯಾಟರ್ ಹೊಡೆದ ಚೆಂಡು ಎಡಗಡೆಗೆ, ನನ್ನ ಕಡೆಗೇ ತಗ್ಗಾಗಿ ಬಂತು. ಹಾರಿದೆ. ಗ್ಲೌಸ್‌ಗೆ ಬರುವ ಮುಂಚೆ ಚೆಂಡು ಹುಲ್ಲಿಗೆ ತಾಗಿದ್ದು ನನಗೆ ಗೊತ್ತಾಯಿತು. ಆದರೂ ಗ್ಲೌಸ್ ಮೇಲೆತ್ತಿ ಕಿರುಚಿದೆ. ಅಂಪೈರ್ ಔಟ್ ಕೊಟ್ಟರು. ಗೆಳತಿಯರು ಓಡಿ ಬಂದು ಎತ್ತಿಕೊಂಡರು. ಆ ಹುಡುಗಿ ಮೊದಲ ಬೇಸ್‌ನಲ್ಲಿ ನಿಂತು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಆ ಗೆಲುವಿನ ಗ್ರೂಪ್ ಫೋಟೊ ಇವತ್ತಿಗೂ ನಮ್ಮ ಮನೆಯ ಗೋಡೆ ಮೇಲಿದೆ. ನೆಂಟರು ಬಂದಾಗಲೆಲ್ಲ ಅಪ್ಪ ಅದನ್ನು ತೋರಿಸುತ್ತಾರೆ, ನಾನು ಟೀ ಮಾಡುವ ನೆಪದಲ್ಲಿ ಒಳಗೆ ಹೋಗುತ್ತೇನೆ.

ಕ್ಯಾಮೆರಾ ಇಡಲಿಲ್ಲ, ಬೆಟ್ಟಿಂಗ್ ಕಟ್ಟಲಿಲ್ಲ, ನಿಜ. ಆದರೆ ಆ ಒಂದು ನಿಮಿಷ ನಾನು ಮಾಡಿದ್ದು ನಟನೆ. ಎದುರಿಗಿದ್ದವರಿಗೆ ಅದು ನಾಟಕವೆಂದು ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಸ್ಯಾವೇಜ್‌ಗೂ ನನಗೂ ಇರುವ ವ್ಯತ್ಯಾಸವೂ ಅದೇ.

ಆ ಹುಡುಗಿ ಈಗ ಎಲ್ಲಿದ್ದಾಳೋ, ಈ ಪುಟ ಓದುತ್ತಾಳೋ ಇಲ್ಲವೋ ಗೊತ್ತಿಲ್ಲ. ಓದಿದರೆ ಅವಳಿಗೆ ಒಂದು ಮಾತು. ಚೆಂಡು ನೆಲಕ್ಕೆ ತಾಗಿತ್ತು ಕಣೇ. ನೀನು ಔಟಾಗಿರಲಿಲ್ಲ.